ನಾಲ್ಕು ಚೀಟಿ, ಸಾವಿರ ಚೌಕ: ನಾನು ತರ್ಕ ಕಲಿತ ಬಗೆ

ತರ್ಕದ ಮೊದಲ ಪಾಠಕ್ಕೆ ನನಗೆ ಬೇಕಾಗಿದ್ದು ನಾಲ್ಕು ರಟ್ಟಿನ ಚೀಟಿ ಮಾತ್ರ. 1966ರಲ್ಲಿ ಪೀಟರ್ ವೇಸನ್ ಅನ್ನುವ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಕೊಟ್ಟ ಒಗಟನ್ನು ಕನ್ನಡಕ್ಕೆ ಒಗ್ಗಿಸಿಕೊಂಡೆ. ಪ್ರತಿ ಚೀಟಿಯ ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಅಂಕಿ. ಮೇಲೆ ಕಾಣುವುದು ಅ, ಕ, 4, 7. ಒಂದು ಕಡೆ ಸ್ವರ ಇದ್ದರೆ ಇನ್ನೊಂದು ಕಡೆ ಸಮಸಂಖ್ಯೆ ಇರಲೇಬೇಕು ಅನ್ನುವುದು ನಿಯಮ. ಇದು ನಿಜವೋ ಸುಳ್ಳೋ ನೋಡಲು ಯಾವ ಚೀಟಿ ತಿರುಗಿಸಬೇಕು?

ಬಹಳ ಜನ ಅ ಮತ್ತು 4 ಅನ್ನುತ್ತಾರೆ. 4ರ ಹಿಂದೆ ವ್ಯಂಜನ ಇದ್ದರೂ ನಿಯಮಕ್ಕೆ ಏನೂ ಆಗುವುದಿಲ್ಲ. ಅ ಜೊತೆಗೆ ತಿರುಗಿಸಬೇಕಾದದ್ದು 7. ಅದರ ಹಿಂದೆ ಸ್ವರ ಸಿಕ್ಕರೆ ನಿಯಮ ಅಲ್ಲೇ ಬಿದ್ದುಹೋಗುತ್ತದೆ. ಆಗಿನಿಂದ ಯಾವ ಮಾತು ಕೇಳಿದರೂ, ಇದು ಸುಳ್ಳಾದರೆ ಎಲ್ಲಿ ಸಿಕ್ಕಿಬೀಳುತ್ತದೆ ಅಂತ ಮೊದಲು ಹುಡುಕುತ್ತೇನೆ.

ಸಂಭವನೀಯತೆಗೆ ಇನ್ನೂ ಜಾಸ್ತಿ ಹೊತ್ತು ಕೊಟ್ಟೆ. ಶೇಕಡಾ ಲೆಕ್ಕ ಸುಮ್ನೆ ಓದಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಜನರನ್ನು ಎಣಿಸುವ ದಾರಿ ಹಿಡಿದೆ. ಗಣಿತದ ಚೌಕದ ಹಾಳೆಯಲ್ಲಿ ಉದ್ದಕ್ಕೆ 40, ಅಡ್ಡಕ್ಕೆ 25 ಚೌಕ ಬಿಟ್ಟು ಗೆರೆ ಎಳೆದೆ. ಒಂದು ಚೌಕಕ್ಕೆ ಒಬ್ಬರಂತೆ 1000 ಜನ. ನೂರಕ್ಕೆ ಒಬ್ಬರಿಗೆ ಒಂದು ಕಾಯಿಲೆ ಇದೆ ಅಂತಿಟ್ಟುಕೊಳ್ಳಿ. 10 ಚೌಕಕ್ಕೆ ಕೆಂಪು ಬಳಿದೆ. ಕಾಯಿಲೆ ಇರುವ ಹತ್ತರಲ್ಲಿ ಒಂಬತ್ತು ಜನರನ್ನು ಪರೀಕ್ಷೆ ಹಿಡಿಯುತ್ತದೆ. ಹಾಗಾಗಿ 9 ಕೆಂಪು ಚೌಕಕ್ಕೆ ಪೆನ್ಸಿಲ್ಲಿನಲ್ಲಿ ಗುರುತು. ಇಲ್ಲದವರಲ್ಲೂ ಹತ್ತಕ್ಕೊಬ್ಬರಿಗೆ 'ಪಾಸಿಟಿವ್' ತೋರಿಸುತ್ತದೆ. ಅಂದರೆ 990 ಬಿಳಿ ಚೌಕಗಳಲ್ಲಿ 99ಕ್ಕೆ ಗುರುತು. ಇದನ್ನು ಕೈಯಾರೆ ಹಾಕಲೇಬೇಕು. ಹಾಕುತ್ತಾ ಹೋದಂತೆ ಬಿಳಿಯ ಕಡೆಯೇ ಹಾಳೆ ತುಂಬುವುದು ಕಣ್ಣಿಗೆ ಹೊಡೆಯುತ್ತದೆ.

ಒಟ್ಟು ಗುರುತು 108, ಅದರಲ್ಲಿ ಕೆಂಪು ಬರೀ 9. ಪಾಸಿಟಿವ್ ಬಂದ ಪ್ರತಿ ಹನ್ನೆರಡು ಜನರಲ್ಲಿ ನಿಜವಾಗಿ ಕಾಯಿಲೆ ಇರುವುದು ಒಬ್ಬರಿಗೆ! ಥಾಮಸ್ ಬೇಯ್ಸ್ ಅನ್ನುವ ಇಂಗ್ಲಿಷ್ ಗಣಿತಜ್ಞರ ಹೆಸರಿನ ಸೂತ್ರ ಹೇಳುವುದೂ ಇದನ್ನೇ. ಅವರ ಬರಹ ಅಚ್ಚಾಗಿದ್ದು ಅವರು ತೀರಿಕೊಂಡ ಮೇಲೆ, 1763ರಲ್ಲಿ. ಸೂತ್ರವನ್ನು ಹಾಳೆಯ ನಂತರ ಓದಿದ್ದರಿಂದ ನನಗೆ ಅದು ಸಲೀಸಾಯಿತು.

ಹಾಗಂತ ಪರೀಕ್ಷೆಯನ್ನೇ ತಳ್ಳಿಹಾಕಬಾರದು, ಅಲ್ವಾ? ಅದಕ್ಕೆ ಇನ್ನೊಂದು ಹಾಳೆ ಮಾಡಿದೆ. ಈ ಸಲ ಕಾಯಿಲೆಯ ಲಕ್ಷಣ ಇದ್ದು ಬಂದವರು ಮಾತ್ರ, ಸಾವಿರಕ್ಕೆ 100 ಜನರಿಗೆ ಕಾಯಿಲೆ. ಪರೀಕ್ಷೆ ಅದೇ. ಕೆಂಪಿನಲ್ಲಿ 90 ಗುರುತು, ಬಿಳಿಯಲ್ಲೂ 90. ಹನ್ನೆರಡರಲ್ಲಿ ಒಂದು ಇದ್ದದ್ದು ಅರ್ಧಕ್ಕೆ ಬಂತು.