ಬಾಸ್ಕೆಟ್‌ಬಾಲಿನಲ್ಲಿ ನಿಮ್ಮ ಸೆಂಟರಿಗೆ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಬಾಲ್ ಸಿಕ್ಕಿದ ಕೂಡಲೇ ಎದುರಾಳಿಗಳು ಇಬ್ಬರು ಮುತ್ತುತ್ತಾರಾ?

ಸೆಂಟರನ್ನು ಬದಲಾಯಿಸುವ ಮೊದಲು ಪವರ್ ಫಾರ್ವರ್ಡ್ (ಸೆಂಟರಿನ ಜೊತೆ ಆಡುವ ಇನ್ನೊಬ್ಬ ದೊಡ್ಡ ಆಟಗಾರ) ನಿಲ್ಲುವ ಜಾಗ ಬದಲಾಯಿಸಿ ನೋಡಿ. ಸೆಂಟರ್ ಬಲಗಡೆ ಲೋ ಪೋಸ್ಟಿನಲ್ಲಿ (ಬುಟ್ಟಿಯ ಪಕ್ಕದ ಜಾಗ) ಇದ್ದರೆ ಪವರ್ ಫಾರ್ವರ್ಡ್ ಎಡಮೂಲೆಯಲ್ಲಿ ತ್ರೀ ಪಾಯಿಂಟ್ ಗೆರೆಯ ಹೊರಗೆ ನಿಲ್ಲಲಿ. ಬಲ ವಿಂಗಿನಿಂದ (ಮೂಲೆಗಿಂತ ಮೇಲಿನ ಬದಿ) ಪಾಸ್ ಕೊಡುವವನು ತಂಡದ ಒಳ್ಳೆಯ ಶೂಟರ್ ಆಗಿರಲಿ. ಪಾಸ್ ಕೊಟ್ಟವನು ಅಲ್ಲೇ ನಿಂತು ನೋಡದೆ ಎರಡು ಮೂರು ಹೆಜ್ಜೆ ಮೂಲೆಯತ್ತ ಸರಿಯಲೇಬೇಕು. ಕೀ (ಬುಟ್ಟಿಯ ಮುಂದೆ ಗೆರೆ ಹಾಕಿದ ಆಯತ) ಇರುವುದೇ 4.9 ಮೀಟರ್ ಅಗಲ. ಪವರ್ ಫಾರ್ವರ್ಡ್ ಅದರ ಅಂಚಿನಲ್ಲೇ ನಿಂತರೆ ಅವನ ಡಿಫೆಂಡರ್ ಎರಡೇ ಹೆಜ್ಜೆಯಲ್ಲಿ ಸೆಂಟರಿನ ಮೈಮೇಲೆ ಇರುತ್ತಾನೆ. ಹೊರಗೆ ನಿಂತರೆ ಹೆಲ್ಪಿಗೆ ಬಂದವನು ಮೂಲೆಯ ಶೂಟರನ್ನು ಬಿಟ್ಟೇ ಬರಬೇಕು. ನಮ್ಮಲ್ಲಿ ಎಷ್ಟೋ ಎತ್ತರದ ಹುಡುಗರಿಗೆ 'ಆಡ್ಲಿಕ್ಕೆ ಬರುದಿಲ್ಲ' ಅಂತ ಹಣೆಪಟ್ಟಿ ಬೀಳುವುದು ಈ ಜಾಗದ ಅಭಾವದಿಂದಲೇ ಮಾರಾಯ್ರೆ.

ಎಲ್ಲಿ ಕೈಕೊಡುತ್ತದೆ? ಮೂಲೆಯವನಿಗೆ ಶೂಟಿಂಗ್ ಬಾರದಿದ್ದರೆ ಅವನನ್ನು ಯಾರೂ ಕಾಯುವುದಿಲ್ಲ. 2-3 ಝೋನ್ (ಇಬ್ಬರು ಮುಂದೆ, ಮೂವರು ಬುಟ್ಟಿಯ ಹತ್ತಿರ ನಿಂತು ಜಾಗ ಕಾಯುವ ಡಿಫೆನ್ಸ್) ಎದುರೂ ನಡೆಯದು: ಫೀಬಾ (ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಡಿಫೆಂಡರಿಗೆ ಮೂರು ಸೆಕೆಂಡಿನ ಮಿತಿ ಇಲ್ಲ, ಕೀ ಒಳಗೇ ಕಾದು ನಿಲ್ಲುತ್ತಾನೆ. ಆಗ ಸೆಂಟರನ್ನೇ ಫ್ರೀ ಥ್ರೋ ಗೆರೆಗೆ ಕರೆಯಿರಿ, ಪಾಸ್ ಹಂಚುವ ಕೈ ಅವನದಾಗಲಿ. ಡಿಫೆಂಡರ್ ಸೆಂಟರಿನ ಮುಂದೆಯೇ ಬಂದು ನಿಂತರೆ ವಿಂಗಿನಿಂದ ಪಾಸ್ ಬೇಡ. ಬಾಲನ್ನು ಕೀಯ ಮೇಲ್ತುದಿಯಲ್ಲಿ (ಬುಟ್ಟಿಯ ಎದುರಿನ ನಡುಭಾಗ) ನಿಂತವನಿಗೆ ತಿರುಗಿಸಿ, ಅಲ್ಲಿಂದ ಬೋರ್ಡಿನ ಕಡೆಗೆ ಎತ್ತರಿಸಿ ಕೊಡಿ. ಮಳೆಗಾಲದಲ್ಲಿ ತೇವ ಹಿಡಿದ ಸಿಮೆಂಟ್ ಕೋರ್ಟಿನಲ್ಲಿ ಬೌನ್ಸ್ ಪಾಸ್ ಜಾರಿ ಕೆಳಗೇ ಹೋಗುತ್ತದೆ, ತಲೆಯ ಮೇಲಿನಿಂದಲೇ ಕೊಡಿ.