ಗೀಸರ್ ಬದಲು ಹೀಟ್ ಪಂಪ್: ಮೊದಲು ಬಕೆಟ್ ಲೆಕ್ಕ ಹಾಕಿ

ಫ್ರಿಜ್ ಓಡುತ್ತಿರುವಾಗ ಅದರ ಪಕ್ಕಕ್ಕೆ ಅಂಗೈ ಇಟ್ಟು ನೋಡಿ. ಬೆಚ್ಚಗಿರುತ್ತದೆ. ಒಳಗಿಟ್ಟ ಹಾಲು, ಸೊಪ್ಪು, ನಿನ್ನೆಯ ಸಾರಿನ ಬಿಸಿಯನ್ನು ಹೀರಿ ಅದು ಹೊರಗೆ ತಂದು ಹಾಕುತ್ತಿದೆ. ಹೀಟ್ ಪಂಪ್ ಮಾಡುವುದೂ ಇದೇ ಕೆಲಸ, ದಿಕ್ಕು ಮಾತ್ರ ಬೇರೆ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಹೊತ್ತು ತಂದು ನೀರಿಗೋ ಕೋಣೆಗೋ ಸೇರಿಸುತ್ತದೆ. ಕರೆಂಟು ಬೇಕಾಗುವುದು ಈ ಸಾಗಣೆಗಷ್ಟೇ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಗೀಸರ್‌ನ ಕಾಯಿಲ್ ಎಷ್ಟೇ ಒಳ್ಳೆಯದಿರಲಿ, ಒಂದಕ್ಕೆ ಒಂದೇ.

ನಾರ್ವೆ, ಫಿನ್‌ಲೆಂಡ್‌ನಲ್ಲಿ ಮನೆ ಬೆಚ್ಚಗಿಡಲು ಇದನ್ನು ಬಳಸುತ್ತಾರೆ. ನಮ್ಮಲ್ಲಿ ಮಡಿಕೇರಿ, ಚಿಕ್ಕಮಗಳೂರಿನ ಬೆಟ್ಟದ ಮನೆಗಳನ್ನು ಬಿಟ್ಟರೆ ಕೋಣೆ ಕಾಯಿಸುವ ಅಗತ್ಯ ಯಾರಿಗಿದೆ? ನಮಗೆ ಬಿಸಿ ಬೇಕಿರುವುದು ಬಚ್ಚಲು ಮನೆಯಲ್ಲಿ. ಅಲ್ಲಿಂದಲೇ ಶುರು ಮಾಡೋಣ.

1. ಬಕೆಟ್ ಎಣಿಸಿ

ಅಂಗಡಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಇದು. ಸ್ನಾನದ ನೀರು 40 ಡಿಗ್ರಿ ಇದ್ದರೆ ಹದ. ನಲ್ಲಿ ನೀರು 25 ಡಿಗ್ರಿ, ಹೀಟ್ ಪಂಪ್ ಕಾಯಿಸಿಟ್ಟ ಟ್ಯಾಂಕಿನ ನೀರು 55 ಡಿಗ್ರಿ ಅಂದುಕೊಂಡರೆ ಎರಡನ್ನೂ ಅರ್ಧರ್ಧ ಬೆರೆಸಬೇಕು. ಒಬ್ಬರಿಗೆ 20 ಲೀಟರಿನ ಎರಡು ಬಕೆಟ್ ಎಂದರೆ ಟ್ಯಾಂಕಿನಿಂದ ಹೋಗುವುದು 20 ಲೀಟರ್ ಮಾತ್ರ. ನಾಲ್ಕು ಜನಕ್ಕೆ 80. ಆದರೆ ಶವರ್ ಕೆಳಗೆ ಹತ್ತು ನಿಮಿಷ ನಿಲ್ಲುವವರಿದ್ದರೆ ಒಬ್ಬರಿಗೇ ಟ್ಯಾಂಕಿನಿಂದ 40-50 ಲೀಟರ್ ಬೇಕು. ಬಕೆಟ್ ಮನೆಗೆ 100 ಲೀಟರ್ ಟ್ಯಾಂಕ್, ಶವರ್ ಮನೆಗೆ 200. ದೀಪಾವಳಿಯ ಎಣ್ಣೆ ಸ್ನಾನಕ್ಕೆ ನೆಂಟರು ಬರುತ್ತಾರೆಂದು ದೊಡ್ಡದನ್ನು ತರಬೇಡಿ. ಅದೊಂದು ದಿನಕ್ಕೆ ನೀರು ತುಂಬುವ ಹಬ್ಬದ ಹಂಡೆ ಇದೆಯಲ್ಲ!

2. ಬಿಲ್ ತೆಗೆದು ಕೂರಿ

100 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು ಸುಮಾರು ಮೂರೂವರೆ ಯೂನಿಟ್ ಬೇಕು. ಗೀಸರ್ ಅಷ್ಟನ್ನೂ ಮೀಟರಿನಿಂದ ಎಳೆಯುತ್ತದೆ. ಹೀಟ್ ಪಂಪಿಗೆ 1.2 ಯೂನಿಟ್ ಸಾಕು. ದಿನಕ್ಕೆ 2.3 ಉಳಿದರೆ ತಿಂಗಳಿಗೆ 70 ಯೂನಿಟ್ ಹತ್ತಿರ ಬರುತ್ತದೆ. ಅದನ್ನು ನಿಮ್ಮ ಯೂನಿಟ್ ದರದಿಂದ ಗುಣಿಸಿ.

ಇಲ್ಲೊಂದು ತಮಾಷೆ ಇದೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 240-250ರ ಆಸುಪಾಸಿನಲ್ಲಿ ಒದ್ದಾಡುತ್ತಿರುವ ಮನೆಗೆ ಈ 70 ಯೂನಿಟ್ ದೊಡ್ಡ ಸಂಗತಿ. ಈಗಾಗಲೇ ಸೊನ್ನೆ ಬಿಲ್ ಬರುತ್ತಿದ್ದರೆ ನಿಮ್ಮ ಜೇಬಿಗೆ ಏನೂ ಉಳಿಯುವುದಿಲ್ಲ. ಹೀಟ್ ಪಂಪಿನ ಬೆಲೆ ಗೀಸರ್‌ಗಿಂತ ಹಲವು ಪಟ್ಟು ಜಾಸ್ತಿ. ಅಂಥವರು ಸುಮ್ನೆ ಸಾಲ ಮಾಡಿ ತರುವುದರಲ್ಲಿ ಅರ್ಥವಿಲ್ಲ.

ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಸೋಲಾರ್ ವಾಟರ್ ಹೀಟರ್ ಚೆನ್ನಾಗಿ ನಡೆಯುತ್ತಿದ್ದರೆ ಅದನ್ನೂ ಕಿತ್ತು ಹಾಕಬೇಡಿ. ಮಲೆನಾಡಿನ ಕತೆಯೇ ಬೇರೆ. ಜೂನ್‌ನಲ್ಲಿ ಮೋಡ ಕವಿದರೆ ಸೋಲಾರ್ ಮಲಗಿಬಿಡುತ್ತದೆ. ಆಗ ನೀರು ಕಾಯಿಸುವುದು ಅದರೊಳಗಿನ ಕರೆಂಟ್ ಕಾಯಿಲ್, ಅಂದರೆ ಮತ್ತೆ ಗೀಸರೇ. ಹೀಟ್ ಪಂಪಿಗೆ ಬಿಸಿಲು ಬೇಡ. ಗಾಳಿಯ ತೇವ, ಬಿಸಿ ಹೀರುವ ಅದರ ತಣ್ಣನೆ ಕೊಳವೆಗಳ (ಇದಕ್ಕೂ ಕಾಯಿಲ್ ಅಂತಲೇ ಹೆಸರು) ಮೇಲೆ ನೀರಾಗಿ ಕೂರುವಾಗ ಬಿಟ್ಟುಕೊಡುವ ಬಿಸಿಯೂ ಅದಕ್ಕೆ ಲಾಭ.

3. ಜಾಗ ನೋಡಿ

ನಾನು ಎಡವಿದ್ದು ಇಲ್ಲೇ. ಜೋಡಿಸಲು ಬಂದ ಹುಡುಗರು ಯುಟಿಲಿಟಿಯಲ್ಲಿ ಕೂರಿಸಿ ಹೋದರು. ಪೈಪ್ ಹತ್ತಿರ, ಕೆಲಸ ಸಲೀಸು. ಆದರೆ ನಮ್ಮ ಯುಟಿಲಿಟಿಗೆ ಮಳೆ ಬಡಿಯದಿರಲೆಂದು ಗಾಜು ಹಾಕಿಸಿದ್ದೆವು. ಒಂದು ವಾರ ಉಗುರುಬೆಚ್ಚಗಿನ ನೀರಲ್ಲೇ ಸ್ನಾನ. ಕಂಪನಿಗೆ ಫೋನ್ ಮಾಡಿದರೆ ಗ್ಯಾಸ್ ಕಡಿಮೆ ಇರಬಹುದು ಅಂದರು. ಕೊನೆಗೊಂದು ಸಂಜೆ ಅಲ್ಲಿ ಒಣಹಾಕಿದ್ದ ಟವೆಲ್ ತೆಗೆಯಲು ಹೋದರೆ ಅದು ಫ್ರಿಜ್‌ನಲ್ಲಿಟ್ಟಂತೆ ತಣ್ಣಗಿತ್ತು. ಮೆಷಿನ್ ಅಷ್ಟು ಚಿಕ್ಕ ಜಾಗದ ಬಿಸಿಯನ್ನೆಲ್ಲ ಹೀರಿ, ತಾನೇ ಉಗುಳಿದ ತಣ್ಣನೆ ಗಾಳಿಯನ್ನು ಮತ್ತೆ ಮತ್ತೆ ಕುಡಿಯುತ್ತಿತ್ತು. ಎರಡು ಗಾಜು ಸರಿಸಿದೆ. ಮಾರನೆಯ ದಿನವೇ ನೀರು ಸುಡುತ್ತಿತ್ತು.

ಹಾಗಾಗಿ ಗಾಳಿ ಆಡುವ ಜಾಗವೇ ಆಗಬೇಕು. ಟೆರೇಸ್, ತೆರೆದ ಬಾಲ್ಕನಿ, ಹಿತ್ತಿಲ ಗೋಡೆ ಯಾವುದಾದರೂ ಸರಿ. ಎಸಿಯ ಹೊರಗಿನ ಪೆಟ್ಟಿಗೆಯಂತೆ ಇದೂ ಸದ್ದು ಮಾಡುತ್ತದೆ, ಮಲಗುವ ಕೋಣೆಯ ಕಿಟಕಿ ಪಕ್ಕ ಬೇಡ. ಪಕ್ಕದ ಮನೆಯವರ ಕಿಟಕಿಯೂ ಬೇಡ. ಟೆರೇಸಿನಲ್ಲಿಟ್ಟರೆ ಬಿಸಿನೀರಿನ ಪೈಪಿಗೆ ಫೋಮ್ ಸುತ್ತಿಸಿ, ಇಲ್ಲವಾದರೆ ಉಳಿಸಿದ ಬಿಸಿ ದಾರಿಯಲ್ಲೇ ಸೋರಿಹೋಗುತ್ತದೆ. ಅರ್ತಿಂಗ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.

4. ಮಧ್ಯಾಹ್ನ ಓಡಿಸಿ

ಸ್ವಿಚ್ ಹಾಕಿ ಹಲ್ಲುಜ್ಜುವಷ್ಟರಲ್ಲಿ ನೀರು ಕಾಯುವುದಿಲ್ಲ. ಅರ್ಧ ಕಿಲೋವ್ಯಾಟ್ ಎಳೆಯುವ ಮೆಷಿನ್ 100 ಲೀಟರ್ ಕಾಯಿಸಲು ಎರಡು ಗಂಟೆ ದಾಟುತ್ತದೆ. ಟೈಮರನ್ನು ಮಧ್ಯಾಹ್ನಕ್ಕೆ ಇಡಿ. ಹೊರಗಿನ ಗಾಳಿ ಬಿಸಿಯಾಗಿದ್ದಷ್ಟೂ ಕರೆಂಟು ಕಡಿಮೆ ಸಾಕು, ಮಾಳಿಗೆಯಲ್ಲಿ ಕರೆಂಟು ತಯಾರಿಸುವ ಸೋಲಾರ್ ಪ್ಯಾನೆಲ್ ಇದ್ದರೆ ಇನ್ನೂ ಒಳ್ಳೆಯದು. ಟ್ಯಾಂಕಿನ ಹೊದಿಕೆ ಚೆನ್ನಾಗಿದ್ದರೆ ಬೆಳಗಿನವರೆಗೂ ನೀರು ಬಿಸಿಯಾಗಿರುತ್ತದೆ. 50-55 ಡಿಗ್ರಿಗೆ ನಿಲ್ಲಿಸಿ. ಜಾಸ್ತಿ ಏರಿಸಿದಷ್ಟೂ ಉಳಿತಾಯ ಇಳಿಯುತ್ತದೆ. ವಾರಕ್ಕೊಮ್ಮೆ ಮಾತ್ರ 60ಕ್ಕೆ ಒಯ್ಯಿರಿ, ನಿಂತ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಸಾಯಲು ಅದು ಬೇಕು.

5. ಕೋಣೆಗೂ ಬೇಕಾದರೆ

ತಂಪು ಮಾಡುವ ಎಸಿ ಕೂಡ ಹೀಟ್ ಪಂಪೇ. ಅದರ ಗ್ಯಾಸ್ ಹರಿಯುವ ದಿಕ್ಕು ತಿರುಗಿಸುವ ವಾಲ್ವ್ ಒಂದಿದ್ದರೆ ಚಳಿಯಲ್ಲಿ ಅದೇ ಪೆಟ್ಟಿಗೆ ಕೋಣೆಯನ್ನು ಬೆಚ್ಚಗಿಡುತ್ತದೆ. ಅಂಗಡಿಯಲ್ಲಿ 'ಹಾಟ್ ಅಂಡ್ ಕೋಲ್ಡ್' ಎಂದು ಕೇಳಿ. ರಿಮೋಟಿನಲ್ಲಿ ಸೂರ್ಯನ ಗುರುತಿರುತ್ತದೆ. ಸಾದಾ ಎಸಿ ತಂದು ಆಮೇಲೆ ವಾಲ್ವ್ ಹಾಕಿಸುತ್ತೇನೆ ಅನ್ನುವುದು ಆಗದ ಮಾತು. ಕೊಡಗಿನಲ್ಲಿ ಹೋಮ್‌ಸ್ಟೇ ನಡೆಸುವವರಿಗೆ, ದೆಹಲಿಯಲ್ಲಿರುವ ಕನ್ನಡಿಗರಿಗೆ ಇದು ಕಾಯಿಲ್ ರೂಮ್ ಹೀಟರ್‌ಗಿಂತ ಎಷ್ಟೋ ಮೇಲು. ಬೆಂಗಳೂರಿನವರು ಡಿಸೆಂಬರಿನಲ್ಲಿ ಸ್ವೆಟರ್ ಹಾಕಿಕೊಂಡರೆ ಸಾಕು.

ನೀರು ಕಾಯಿಸುವ ಪಂಪ್ ಉಗುಳುವ ತಣ್ಣನೆ ಗಾಳಿಯಿಂದ ಮನೆ ತಂಪಾಗುತ್ತದಾ? ಓಡುವಷ್ಟು ಹೊತ್ತು ಹತ್ತಿರದ ಜಾಗ ಹಾಯ್ ಎನಿಸುತ್ತದೆ, ಅಷ್ಟೇ. ಎಸಿ ಮಾರಿಬಿಡಬೇಡಿ.

6. ಆಮೇಲಿನ ಕೆಲಸ

ಬೋರ್‌ವೆಲ್ ನೀರಿನ ಮನೆಯವರು ಟ್ಯಾಂಕಿನೊಳಗಿನ ಆನೋಡ್ ರಾಡ್ ಅನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಬೇಕು. ಟ್ಯಾಂಕ್ ತುಕ್ಕು ಹಿಡಿಯದಿರಲಿ ಎಂದು ತಾನು ಸವೆಯುವ ಸರಳು ಅದು. ಸವೆದಿದ್ದರೆ ಬದಲಿಸಿ. ಗಾಳಿ ಹೋಗುವ ಜಾಲರಿಯ ಧೂಳನ್ನು ತಿಂಗಳಿಗೊಮ್ಮೆ ಬ್ರಷ್‌ನಿಂದ ತೆಗೆದರೆ ಸಾಕು. ಕಾಯಿಲ್‌ನಿಂದ ತೊಟ್ಟಿಕ್ಕುವ ನೀರಿಗೆ ಸಣ್ಣ ಪೈಪ್ ಕೊಡಿಸಿ, ಇಲ್ಲದಿದ್ದರೆ ಗೋಡೆಗೆ ಪಾಚಿ. ಆ ನೀರನ್ನು ಕೆಲವರು ಯುಪಿಎಸ್ ಬ್ಯಾಟರಿಗೆ ಸುರಿಯುತ್ತಾರೆ, ಬೇಡ. ಅದರಲ್ಲಿ ಧೂಳಿರುತ್ತದೆ. ನಮ್ಮ ಮನೆಯಲ್ಲಿ ಅದು ಹಿತ್ತಿಲ ಕೆಸುವಿನ ಬುಡಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಒಂದು ಚೊಂಬಿಗೆ ಮೋಸವಿಲ್ಲ.