ಹುಟ್ಟಿನಿಂದ ಹೃದಯದ ತೊಂದರೆ ಇರುವ ದೊಡ್ಡವರ ಊಟ: ತೂಕ ನಂಬಿ ನಾನು ಮೋಸ ಹೋದದ್ದು

ನಾನು ಆಹಾರ ತಜ್ಞೆ. ಹುಟ್ಟಿನಿಂದಲೇ ಹೃದಯದ ತೊಂದರೆ ಇದ್ದು, ಈಗ ದೊಡ್ಡವರಾಗಿರುವವರ ಊಟ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲ ವರ್ಷ ನಾನು ಮಾಡಿದ ಒಂದು ತಪ್ಪು ಇವತ್ತಿಗೂ ಮರೆತಿಲ್ಲ.

ಹಾಸನದ ಕಡೆಯ ಹುಡುಗ, ಇಪ್ಪತ್ತರ ಮೇಲೆ ವಯಸ್ಸು. ಚಿಕ್ಕವನಿದ್ದಾಗ ಫೊಂಟಾನ್ ಆಪರೇಷನ್ ಆಗಿತ್ತು. ಫ್ರಾನ್ಸಿನ ಫ್ರಾನ್ಸಿಸ್ ಫೊಂಟಾನ್ 1968ರಲ್ಲಿ ಮೊದಲು ಮಾಡಿದ ಆಪರೇಷನ್ ಅದು. ಹೃದಯದ ಎರಡು ಪಂಪುಗಳಲ್ಲಿ ಒಂದೇ ಕೆಲಸ ಮಾಡುವವರಿಗೆ, ದೇಹದಿಂದ ವಾಪಸ್ ಬರುವ ಅಶುದ್ಧ ರಕ್ತವನ್ನು ನೇರ ಶ್ವಾಸಕೋಶಕ್ಕೆ ಹರಿಸುತ್ತಾರೆ. ತಳ್ಳುವುದಕ್ಕೆ ಪಂಪಿಲ್ಲ. ಹಾಗಾಗಿ ಉಸಿರಾಟ ಮತ್ತು ಕಾಲಿನ ಮಾಂಸಖಂಡಗಳೇ ಆ ರಕ್ತವನ್ನು ಮೇಲಕ್ಕೆ ಕಳಿಸಲು ನೆರವಾಗಬೇಕು. ಇಂಥವರಲ್ಲಿ ಮಾಂಸಖಂಡ ಕರಗಿದರೆ ಸುಮ್ನೆ ಸೊರಗಿದ ಹಾಗೆ ಕಾಣುವುದಷ್ಟೇ ಅಲ್ಲ, ರಕ್ತದ ಓಟಕ್ಕೇ ಪೆಟ್ಟು.

ಮೊದಲ ಸಲ 47 ಕೆಜಿ ಇದ್ದ. ಮೂರು ತಿಂಗಳಿಗೆ 50 ಆಯಿತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ 18.5 ದಾಟಿತು, ಕಡಿಮೆ ತೂಕದ ಗೆರೆಯಿಂದ ಮೇಲೆ ಬಂದ ಅಂತ ನನಗೆ ಖುಷಿಯೋ ಖುಷಿ. "ಭೇಷ್ ಕಣಪ್ಪಾ, ಹೀಗೇ ತಿನ್ನು" ಅಂದೆ. ಅವನು ನಗಲಿಲ್ಲ. "ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗತ್ತೆ ಮೇಡಂ" ಅಂದ. ಬಗ್ಗಿ ಅವನ ಮೊಣಕಾಲ ಕೆಳಗಿನ ಮೂಳೆ ಮೇಲೆ ಹೆಬ್ಬೆರಳು ಒತ್ತಿದೆ. ಕೈ ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಆ ಮೂರು ಕೆಜಿ ನೀರು!

ಪರೀಕ್ಷೆ ಮಾಡಿಸಿದಾಗ ರಕ್ತದಲ್ಲಿ ಅಲ್ಬುಮಿನ್, ಅಂದರೆ ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಪ್ರೋಟೀನ್, ಕಡಿಮೆ ಇತ್ತು. ಕರುಳಿನಿಂದ ಪ್ರೋಟೀನ್ ಸೋರಿ ಹೋಗುತ್ತಿತ್ತು. ಫೊಂಟಾನ್ ಆದ ಕೆಲವರಲ್ಲಿ ಹೀಗಾಗುತ್ತದೆ. ಡಾಕ್ಟರು ಔಷಧಿ ಬದಲಿಸಿದರು. ನೀರು ಇಳಿದ ಮೇಲೆ ನಿಜವಾದ ತೂಕ 46!

ಅವತ್ತಿನಿಂದ ನನ್ನ ಮೇಜಿನ ಮೇಲೆ ಒಂದು ಟೇಪು, ಕೈ ಹಿಡಿತ ಅಳೆಯುವ ಒಂದು ಸಾಧನ. ಕಾಲಲ್ಲಿ ಬಾವು ಇದ್ದರೆ ಮೀನಖಂಡದ ಸುತ್ತಳತೆಯೂ ಮೋಸ ಮಾಡುತ್ತದೆ, ಅದಕ್ಕೇ ತೋಳು ಅಳೆಯುತ್ತೇನೆ. ಏಷ್ಯಾದ ಗಂಡಸರಿಗೆ ಹಿಡಿತ 28 ಕೆಜಿಗಿಂತ ಕಡಿಮೆ ಇದ್ದರೆ ಶಕ್ತಿ ಕುಂದಿದೆ ಅಂತ ಲೆಕ್ಕ, ಹೆಂಗಸರಿಗೆ 18. ಇವನದು 19 ಇತ್ತು.

ಅವನ ತಾಯಿಯ ಹತ್ತಿರ ಮನೆಯ ಊಟ ಕೇಳಿದೆ. ಅನ್ನ, ತಿಳಿಸಾರು, ಒಂದು ಚೂರು ಪಲ್ಯ. "ಚಿಕ್ಕಂದಿನಿಂದ್ಲೂ ಓಡಬೇಡ, ಜಾಸ್ತಿ ತಿನ್ನಬೇಡ ಅಂತಾನೇ ಬೆಳೆಸಿದ್ವಿ ಮೇಡಂ" ಅಂದರು. ತಪ್ಪು ಅವರದ್ದಲ್ಲ. ಹೊಟ್ಟೆ ತುಂಬಾ ತಿಂದರೆ ಮಗನಿಗೆ ಏದುಸಿರು ಬರುವುದನ್ನು ಕಣ್ಣಾರೆ ಕಂಡವರು.

ಹಾಗಾಗಿ ಮೂರು ಊಟವನ್ನು ಆರು ಮಾಡಿದೆ, ಒಂದೊಂದು ಸಲಕ್ಕೆ ಸ್ವಲ್ಪ ಸ್ವಲ್ಪ. ಕೆನೆ ತೆಗೆದ ಹಾಲಿನ ಮೊಸರು, ಮೊಟ್ಟೆಯ ಬಿಳಿ, ಮೊಳಕೆ ಹುರುಳಿಯ ಬಸ್ಸಾರು, ಬೇಳೆ ಜಾಸ್ತಿ ಹಾಕಿದ ಗಟ್ಟಿ ಸಾರು. ಕೆಜಿಗೆ 2 ಗ್ರಾಂ ಪ್ರೋಟೀನ್ ಮುಟ್ಟಬೇಕಿತ್ತು, ಬರೀ ಊಟದಲ್ಲಿ ಆಗಲಿಲ್ಲ, ಪ್ರೋಟೀನ್ ಪುಡಿಯೂ ಸೇರಿಸಬೇಕಾಯಿತು. ಕರಿದದ್ದು ಬೇಡ ಅಂದೆ. ಉಪ್ಪಿನಕಾಯಿ, ಹಪ್ಪಳ ಬಿಡಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಎಣ್ಣೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕರುಳಿನಿಂದ ಪ್ರೋಟೀನ್ ಸೋರುವ ಈ ತೊಂದರೆಗೆ ಎಂಸಿಟಿ ಎಣ್ಣೆ, ಅಂದರೆ ಮಧ್ಯಮ ಉದ್ದದ ಸರಪಳಿಯ ಕೊಬ್ಬಿನ ಎಣ್ಣೆ, ಕೊಡುತ್ತೇವೆ. ಅದು ಕರುಳಿನ ದುಗ್ಧನಾಳಗಳಿಗೆ (ಬೇರೆ ಕೊಬ್ಬನ್ನು ಹೊತ್ತೊಯ್ಯುವ ಸಣ್ಣ ನಾಳಗಳಿಗೆ) ಹೊರೆಯಾಗದೆ ನೇರ ರಕ್ತಕ್ಕೆ ಸೇರುತ್ತದೆ. "ನಮ್ಮನೇಲಿ ಕೊಬ್ಬರಿ ಎಣ್ಣೆ ಇದೆ, ಅದೇ ಅಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲ. ಕೊಬ್ಬರಿ ಎಣ್ಣೆಯಲ್ಲಿ ಜಾಸ್ತಿ ಇರುವುದು ಲಾರಿಕ್ ಆಮ್ಲ ಅನ್ನುವ ಕೊಬ್ಬಿನ ಆಮ್ಲ, ಅದರ ಬಹುಪಾಲು ಬೇರೆ ಕೊಬ್ಬಿನ ದಾರಿಯನ್ನೇ ಹಿಡಿಯುತ್ತದೆ. ಎಂಸಿಟಿಯನ್ನು ಒಗ್ಗರಣೆಗೆ ಕಾಯಿಸಬೇಡಿ, ಬಿಸಿ ಅನ್ನದ ಮೇಲೆ ಹಾಕಿ. ಮೊದಲು ಒಂದು ಟೀ ಚಮಚ ಸಾಕು, ಒಮ್ಮೆಲೇ ಜಾಸ್ತಿಯಾದರೆ ಭೇದಿ ಖಂಡಿತ.

ಇನ್ನೊಬ್ಬ ಹೆಣ್ಣುಮಗಳು, ತುಟಿ ಉಗುರು ನೀಲಿ, ರಕ್ತದಲ್ಲಿ ಆಕ್ಸಿಜನ್ ಶೇಕಡ 82. ಹಿಮೋಗ್ಲೋಬಿನ್ 16 ಇದೆ, ಕಬ್ಬಿಣ ಯಾಕೆ ಅಂತ ಎಲ್ಲರೂ ಬಿಟ್ಟಿದ್ದರು. ಆಕ್ಸಿಜನ್ ಕಡಿಮೆ ಇದ್ದಾಗ ದೇಹ ಕೆಂಪು ರಕ್ತಕಣ ಜಾಸ್ತಿ ಮಾಡುತ್ತದೆ. ಅವರಿಗೆ 16 ಅನ್ನುವುದು ಕಡಿಮೆಯೇ ಇರಬಹುದು. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡಿದರೆ ತಳ ಹಿಡಿದಿತ್ತು. ಮಾತ್ರೆ ಡಾಕ್ಟರೇ ಕೊಟ್ಟರು, ರಕ್ತ ಗಟ್ಟಿಯಾಗದಂತೆ ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾ. ನಾನು ಹೇಳಿದ್ದು ಎರಡೇ: ಊಟದ ಜೊತೆ ಕಾಫಿ ಬೇಡ, ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿ. ಏಕಾದಶಿ ದಿನ ಅವರು ನೀರೂ ಕುಡಿಯುತ್ತಿರಲಿಲ್ಲ. ಇಂಥವರಿಗೆ ನೀರು ಕಡಿಮೆಯಾದರೆ ರಕ್ತ ಇನ್ನೂ ದಪ್ಪವಾಗುತ್ತದೆ. ಈಗ ಮಜ್ಜಿಗೆ, ಹಣ್ಣು ತೆಗೆದುಕೊಂಡು ಉಪವಾಸ ಮಾಡುತ್ತಾರೆ.

ಹಾಸನದ ಹುಡುಗನಿಗೆ ಡಾಕ್ಟರ ಒಪ್ಪಿಗೆ ಪಡೆದು ಕಾಲಿನ ವ್ಯಾಯಾಮವನ್ನೂ ಶುರು ಮಾಡಿಸಿದೆವು, ಕುರ್ಚಿಯಿಂದ ಎದ್ದು ಕೂರುವುದು, ಹಿಮ್ಮಡಿ ಎತ್ತುವುದು. ಆರು ತಿಂಗಳಿಗೆ ತೂಕ 47. "ಅಷ್ಟೇನಾ ಮೇಡಂ?" ಅಂತ ಅವನ ತಾಯಿ ಮುಖ ಸಣ್ಣ ಮಾಡಿದರು. ತೋಳಿನ ಟೇಪು ಹಿಡಿದು ಹಳೇ ಗುರುತು, ಹೊಸ ಗುರುತು ಎರಡನ್ನೂ ತೋರಿಸಿದೆ. ಹಿಡಿತ 23ಕ್ಕೆ ಬಂದಿತ್ತು. ಕಾಲು ಒತ್ತಿ ನೋಡಿದೆ, ಗುಳಿ ಬೀಳಲಿಲ್ಲ. ಆ ತಾಯಿ ತಾವೂ ಬಗ್ಗಿ ಒಂದು ಸಲ ಒತ್ತಿ ನೋಡಿದರು.